ಎಕ್ಸ್‌ಪಂಜ್: ಚುಚ್ಚಿ ಅಳಿಸುವ ಪದ

ನನ್ನ ಸರ್ವಿಸ್ ರಿಜಿಸ್ಟರಿನ ಒಂದು ಪುಟದಲ್ಲಿ ಮೂರು ಸಾಲುಗಳ ಮೇಲೆ ಕೆಂಪು ಶಾಯಿಯ ಗೆರೆ ಇದೆ. ಪಕ್ಕದ ಅಂಚಿನಲ್ಲಿ ಆದೇಶದ ನಂಬರು, ತಾರೀಖು, ಒಬ್ಬ ಅಧಿಕಾರಿಯ ಕಿರುಸಹಿ. ಆ ಮೂರು ಸಾಲು ಈಗ ಲೆಕ್ಕಕ್ಕಿಲ್ಲ. ಆದರೂ ಕನ್ನಡಕ ಹಾಕಿಕೊಂಡು ಕೂತರೆ ಪ್ರತಿ ಅಕ್ಷರವನ್ನೂ ಓದಬಹುದು.

ಆ ಗೆರೆ ಎಳೆಯಲು ಬಂದ ಆದೇಶ ಇಂಗ್ಲಿಷಿನಲ್ಲಿತ್ತು. ಅದರಲ್ಲಿದ್ದ ಪದ ಎಕ್ಸ್‌ಪಂಜ್. 1988ರಲ್ಲಿ ನಾನು ಆ ಪದವನ್ನು ಮೊದಲ ಸಲ ನೋಡಿದ್ದು. ಸ್ಪಂಜಿನಿಂದ ಸ್ಲೇಟು ಒರೆಸಿದ ಹಾಗೆ ಒರೆಸಿಬಿಡುತ್ತಾರೆ ಅಂತ ನಾನೇ ಅರ್ಥ ಮಾಡಿಕೊಂಡೆ. ಪುಟ ನೋಡಿದಾಗ ಕಣ್ಣಲ್ಲಿ ನೀರು ಬಂತು. ಒರೆಸುವುದು ಅಂದರೆ ಹೀಗಾ? ಎಲ್ಲಾ ಇದ್ದಲ್ಲೇ ಇದೆಯಲ್ಲ! ಅಂದಿನಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ.

ಆಗಿದ್ದು ಇಷ್ಟು. ಆಗ ನಾನು ಒಂದು ಕಚೇರಿಯ ಟೆಲಿಪ್ರಿಂಟರ್ ಕೋಣೆಯಲ್ಲಿ ಆಪರೇಟರ್. ಕರಡು ಕೈಗೆ ಬಂದರೆ ಮೊದಲು ಅದನ್ನು ಕಾಗದದ ಟೇಪಿನ ಮೇಲೆ ಪಂಚ್ ಮಾಡಬೇಕು. ಆ ಟೇಪನ್ನು ಯಂತ್ರಕ್ಕೆ ಸಿಕ್ಕಿಸಿದರೆ ಅದು ತೂತುಗಳನ್ನು ಓದುತ್ತಾ ಸಂದೇಶವನ್ನು ದೂರದ ಕಚೇರಿಗೆ ಕಳಿಸುತ್ತಿತ್ತು. 1987ರಲ್ಲಿ ಹೀಗೆ ಹೋದ ಒಂದು ಸಂದೇಶದಲ್ಲಿ 340 ಇರಬೇಕಾದಲ್ಲಿ 430 ಇತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬೆರಳು ತಪ್ಪಿದ್ದು ಆಪರೇಟರದ್ದೇ ಅಂತ ತೀರ್ಮಾನವಾಯಿತು. ರಿಜಿಸ್ಟರಿನಲ್ಲಿ ಮೂರು ಸಾಲಿನ ಎಚ್ಚರಿಕೆ ಬಿತ್ತು.

ನಾನು ಬಿಡಲಿಲ್ಲ. ಮೂಲ ಕರಡು ತೆಗೆಸಿ ನೋಡಿ ಅಂತ ಬರೆದುಕೊಟ್ಟೆ. ಫೈಲಿನಲ್ಲಿ ಕರಡು ಸಿಕ್ಕಿತು. ಟೈಪಾಗಿದ್ದ 340ರ ಮೇಲೆ ಯಾರೋ ಪೆನ್ನಿನಿಂದ ಒಂದು ಗೆರೆ ಎಳೆದು, ಮೇಲೆ 430 ಎಂದು ಬರೆದಿದ್ದರು. ಕಿರುಸಹಿ ಇರಲಿಲ್ಲ. ನನ್ನ ಟೇಪು ಆ ತಿದ್ದಿದ ಕರಡಿನಂತೆಯೇ ಇತ್ತು. ಹದಿನಾಲ್ಕು ತಿಂಗಳು ಅಲೆದ ಮೇಲೆ ಎಕ್ಸ್‌ಪಂಜ್ ಆದೇಶ ಬಂತು.

ಈಗ ಪದಕ್ಕೆ ಬರುತ್ತೇನೆ. ನಾನಂದುಕೊಂಡ ಸ್ಪಂಜಿಗೂ ಇದಕ್ಕೂ ಹುಟ್ಟಿನ ಸಂಬಂಧವೇ ಇಲ್ಲ. ಎಕ್ಸ್‌ಪಂಜ್ ಬಂದಿದ್ದು ಲ್ಯಾಟಿನ್ನಿನ ಎಕ್ಸ್‌ಪುಂಗೆರೆ ಎಂಬ ಕ್ರಿಯಾಪದದಿಂದ. ಎಕ್ಸ್ ಅಂದರೆ ಹೊರಗೆ. ಪುಂಗೆರೆ ಅಂದರೆ ಚುಚ್ಚು. ಸೈಕಲ್ ಟೈರು ಪಂಕ್ಚರ್ ಆಗುತ್ತದಲ್ಲ, ಅದೂ ಇದೇ ಬೇರಿನದು. ಪಾಯಿಂಟ್ ಎಂಬ ಪದವೂ ಅಲ್ಲಿಂದಲೇ. ಚುಚ್ಚಿದರೆ ಮೂಡುವುದು ಒಂದು ಚುಕ್ಕಿ, ಅಲ್ವಾ? ರೋಮನ್ನರ ಕಾಲದಲ್ಲಿ ಪಟ್ಟಿಯಲ್ಲಿದ್ದ ಹೆಸರನ್ನು ತೆಗೆಯಬೇಕಾದರೆ ಆ ಹೆಸರಿಗೆ ಚುಕ್ಕಿ ಗುರುತು ಹಾಕುತ್ತಿದ್ದರು. ಸೇವೆ ಮುಗಿಸಿದ ಸೈನಿಕನ ಹೆಸರಿಗೆ ಚುಕ್ಕಿ. ಸಾಲ ತೀರಿಸಿದವನ ಹೆಸರಿಗೂ ಅದೇ ಮಾತು. ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ. ಚುಕ್ಕಿ ನೋಡಿದವನಿಗೆ ಇವನ ಲೆಕ್ಕ ಮುಗಿಯಿತು ಅಂತ ಗೊತ್ತಾಗುತ್ತದೆ.

ಇದನ್ನು ಓದಿದ ದಿನ ನಾನು ಮತ್ತೆ ನನ್ನ ಪುಟವನ್ನು ನೆನೆದೆ. ಆ ಗುಮಾಸ್ತರು ಪದಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದರು.

ಸ್ಪಂಜಿನ ತಪ್ಪು ಮಾಡಿದವಳು ನಾನೊಬ್ಬಳೇ ಅಲ್ಲ. ಎಕ್ಸ್‌ಪಂಜ್ ಇಂಗ್ಲಿಷಿಗೆ ಬಂದಿದ್ದು 1600ರ ಆಸುಪಾಸಿನಲ್ಲಿ. ಬಂದ ಮೇಲೆ ಇಂಗ್ಲಿಷಿನವರ ಕಿವಿಯಲ್ಲೂ ಅದು ಸ್ಪಂಜಿನ ಜೊತೆ ಬೆರೆಯಿತು. ಒರೆಸಿ ಹಾಕುವ ಅರ್ಥ ಗಟ್ಟಿಯಾಗಲು ಆ ದನಿಯೂ ಒಂದು ಕಾರಣ ಎನ್ನುತ್ತಾರೆ. ನಿಜವಾದ ಸ್ಪಂಜೂ ರೋಮಿನ ಬರವಣಿಗೆ ಮೇಜಿನ ಮೇಲೆ ಇತ್ತು. ಅವರ ಶಾಯಿ ಮಸಿ ಮತ್ತು ಅಂಟು ಸೇರಿಸಿ ಮಾಡಿದ್ದು. ಪಪೈರಸ್ ಮೇಲೆ ಒದ್ದೆ ಸ್ಪಂಜು ಆಡಿಸಿದರೆ ಹೋಗುತ್ತಿತ್ತು. ಚಕ್ರವರ್ತಿ ಅಗಸ್ಟಸ್ ಏಜಾಕ್ಸ್ ಎಂಬ ವೀರನ ಬಗ್ಗೆ ಒಂದು ದುರಂತ ನಾಟಕ ಬರೆಯಲು ಹೊರಟಿದ್ದ. ಹಿಡಿಸಲಿಲ್ಲ, ಅಳಿಸಿಬಿಟ್ಟ. ನಿಮ್ಮ ಏಜಾಕ್ಸ್ ಏನಾದ ಅಂತ ಗೆಳೆಯರು ಕೇಳಿದರೆ, ಅವನು ತನ್ನ ಸ್ಪಂಜಿನ ಮೇಲೆ ಬಿದ್ದು ಸತ್ತ ಅಂದನಂತೆ. ಕಥೆಯಲ್ಲಿ ಏಜಾಕ್ಸ್ ತನ್ನದೇ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಆ ನಾಟಕದ ಒಂದು ಸಾಲೂ ಇವತ್ತು ನಮಗಿಲ್ಲ. ತನ್ನ ನಾಟಕಕ್ಕೆ ಸ್ಪಂಜು, ಸೈನಿಕರ ಪಟ್ಟಿಗೆ ಚುಕ್ಕಿ. ಈ ವ್ಯತ್ಯಾಸ ನನಗೆ ಬಹಳ ಮುಖ್ಯ ಅನಿಸುತ್ತದೆ. ಸ್ವಂತ ಕರಡನ್ನು ಹೇಗೆ ಬೇಕಾದರೂ ಅಳಿಸಬಹುದು. ಇನ್ನೊಬ್ಬರ ಹೆಸರಿರುವ ದಾಖಲೆಯನ್ನು ಹಾಗೆ ಅಳಿಸಲು ಬರುವುದಿಲ್ಲ.

ಮುಂದೆ ಯುರೋಪಿನಲ್ಲಿ ಚರ್ಮದ ಹಾಳೆ ಬಂತು. ಅದರ ಮೇಲೆ ತಪ್ಪು ಬರೆದರೆ ಸಣ್ಣ ಚಾಕುವಿನಿಂದ ಕೆರೆದು ತೆಗೆಯಬೇಕು. ಇಂಗ್ಲಿಷಿನ ಇರೇಸ್ ಪದದ ಬೇರಿನಲ್ಲಿ ಆ ಕೆರೆಯುವ ಕೆಲಸವೇ ಇದೆ. ಕೆರೆಯಲು ಹೊತ್ತು ಬೇಕು, ಹಾಳೆಯೂ ಒರಟಾಗುತ್ತದೆ. ಹಾಗಾಗಿ ನಕಲುಗಾರರು ಎಷ್ಟೋ ಸಲ ತಪ್ಪು ಅಕ್ಷರದ ಕೆಳಗೆ ಒಂದೊಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದರು. ಕೆಳಗೆ ಚುಕ್ಕಿ ಇದ್ದರೆ ಓದಬೇಡ ಅಂತ ಅರ್ಥ.

ನಮ್ಮ ಕಡೆಯ ಹಸ್ತಪ್ರತಿಗಳಲ್ಲೂ ಇದೇ ಉಪಾಯ ಇದೆ. ತಪ್ಪಾದ ಅಕ್ಷರದ ಮೇಲೋ ಕೆಳಗೋ ಚುಕ್ಕಿ ಅಥವಾ ಚಿಕ್ಕ ಗೆರೆ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನು ಒರೆಸಲು ಸಾಧ್ಯವೂ ಇಲ್ಲ. ಕಾಗದ ಬಂದ ಮೇಲೆ ತಪ್ಪಿನ ಮೇಲೆ ಹರಿತಾಳದ ಹಳದಿ ಲೇಪ ಹಚ್ಚುವ ರೂಢಿಯೂ ಇತ್ತು. ಬಿಟ್ಟುಹೋದ ಅಕ್ಷರ ಸೇರಿಸಲು ಹಂಸಪಾದ ಹಾಕುವುದು ಈಗಲೂ ಎಲ್ಲರಿಗೂ ಗೊತ್ತು. ತೆಗೆಯುವ ಚುಕ್ಕಿ ಮಾತ್ರ ಮರೆತುಹೋಯಿತು.

ಮರೆತುಹೋಯಿತು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಟೆಲಿಪ್ರಿಂಟರ್ ಮೂಲೆ ಸೇರಿದ ಮೇಲೆ ನನ್ನನ್ನು ಪ್ರೂಫ್ ನೋಡುವ ಕೆಲಸಕ್ಕೆ ಹಾಕಿದರು. ಅಲ್ಲಿ ಮೊದಲ ವಾರ ಕಲಿತ ಗುರುತುಗಳಲ್ಲಿ ಒಂದು ಹೀಗಿತ್ತು. ಒಂದು ಪದವನ್ನು ಹೊಡೆದುಹಾಕಿದ್ದೀರಿ. ಆಮೇಲೆ ಅದು ಸರಿಯಾಗಿಯೇ ಇತ್ತು ಅಂತ ಗೊತ್ತಾಯಿತು. ಆಗ ಆ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆಯಬೇಕು. ಇಂಗ್ಲಿಷಿನ ಪ್ರೂಫಿನಲ್ಲಿ ಅದಕ್ಕೆ ಸ್ಟೆಟ್ ಎನ್ನುತ್ತಾರೆ. ಅದೂ ಲ್ಯಾಟಿನ್ನೇ, ‘ಇರಲಿ’ ಅಂತಲೇ ಅರ್ಥ. ಚುಕ್ಕಿ ಅದೇ, ಜಾಗ ಅದೇ. ಹಳೆಯ ನಕಲುಗಾರನಿಗೆ ಅದು ‘ಬೇಡ’. ನಮಗೆ ‘ಇರಲಿ’. ಇದು ತಿಳಿದ ದಿನ ಇಡೀ ಮಧ್ಯಾಹ್ನ ನನಗೆ ಕೆಲಸ ಓಡಲಿಲ್ಲ.

ಪ್ರೂಫಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಮಾತ್ರ ಟೇಪು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಟೇಪಿನ ಅಗಲಕ್ಕೆ ಐದು ತೂತಿನ ಜಾಗ. ಯಾವ ತೂತು ಬಿತ್ತು, ಯಾವುದು ಬೀಳಲಿಲ್ಲ ಎಂಬುದರ ಮೇಲೆ ಅಕ್ಷರ. ಐದು ಜಾಗದಿಂದ ಆಗುವುದು ಮೂವತ್ತೆರಡು ಜೋಡಣೆ ಮಾತ್ರ. ಅಕ್ಷರ, ಅಂಕಿ ಎರಡಕ್ಕೂ ಅಷ್ಟು ಸಾಲದು. ಅದಕ್ಕೇ ಎರಡು ಕೀಲಿ ಇದ್ದವು. ಒಂದು ಒತ್ತಿದರೆ ಮುಂದಿನದೆಲ್ಲ ಅಕ್ಷರ. ಇನ್ನೊಂದು ಒತ್ತಿದರೆ ಮುಂದಿನದೆಲ್ಲ ಅಂಕಿ.

ತಪ್ಪು ತೂತು ಬಿದ್ದರೆ ಏನು ಮಾಡುವುದು? ತೂತನ್ನು ಮುಚ್ಚಲು ಬರುವುದಿಲ್ಲ. ಆದರೆ ಇನ್ನಷ್ಟು ತೂತು ಹಾಕಬಹುದು. ಟೇಪನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದು, ಆ ಜಾಗದಲ್ಲಿ ಐದಕ್ಕೆ ಐದೂ ತೂತು ಹಾಕುತ್ತಿದ್ದೆವು. ಐದೂ ತೂತು ಅಂದರೆ ‘ಮುಂದಿನದು ಅಕ್ಷರ’ ಎಂಬ ಕೀಲಿ. ಅದು ಏನನ್ನೂ ಅಚ್ಚು ಹಾಕುವುದಿಲ್ಲ. ತಪ್ಪು ಯಾವುದೇ ಇರಲಿ, ಅದರ ಮೇಲೆ ಐದೂ ತೂತು ಬಿದ್ದರೆ ತಪ್ಪು ಮಾಯ. ಯಂತ್ರ ಅದನ್ನು ದಾಟಿ ಹೋಗುತ್ತದೆ. ಚುಚ್ಚಿ ಚುಚ್ಚಿ ಅಳಿಸುವುದು! ಎರಡು ಸಾವಿರ ವರ್ಷದ ಹಿಂದಿನ ಪದದ ಅರ್ಥವನ್ನು ನಾನು ದಿನಾ ಬೆರಳ ತುದಿಯಲ್ಲಿ ಮಾಡುತ್ತಿದ್ದೆ, ಪದ ಗೊತ್ತಾಗುವುದಕ್ಕೆ ಮೊದಲೇ.

ಅದರಲ್ಲಿ ಒಂದು ಅಪಾಯವೂ ಇತ್ತು. ಅಂಕಿಗಳ ನಡುವೆ ತಪ್ಪಾಗಿ ಐದು ತೂತು ಹಾಕಿದರೆ ಯಂತ್ರ ಅಕ್ಷರಕ್ಕೆ ತಿರುಗಿಬಿಡುತ್ತದೆ. ಮತ್ತೆ ಅಂಕಿಯ ಕೀಲಿ ಒತ್ತಲು ಮರೆತರೆ 340 ಬದಲು ಇ, ಆರ್, ಪಿ ಎಂದು ಅಚ್ಚಾಗುತ್ತದೆ. ಏಕೆಂದರೆ ಆ ಕೀಲಿಗಳಲ್ಲಿ 3 ಮತ್ತು ಇ ಒಟ್ಟಿಗೆ, 4 ಮತ್ತು ಆರ್ ಒಟ್ಟಿಗೆ, 0 ಮತ್ತು ಪಿ ಒಟ್ಟಿಗೆ. ನನ್ನ ವಾದಕ್ಕೆ ಇದೂ ನೆರವಾಯಿತು. ಆ ಸಂದೇಶದ ಟೇಪಿನಲ್ಲಿ 430ರ ಹತ್ತಿರ ಎಲ್ಲೂ ಐದು ತೂತಿನ ಸಾಲು ಇರಲಿಲ್ಲ. ಅಂದರೆ ನಾನು ಅಲ್ಲಿ ತಡವರಿಸಿರಲೇ ಇಲ್ಲ. ಕಣ್ಣ ಮುಂದಿದ್ದ ಕರಡಿನಲ್ಲಿ ಇದ್ದದ್ದನ್ನೇ ಒಂದೇ ಉಸಿರಿನಲ್ಲಿ ಪಂಚ್ ಮಾಡಿದ್ದೆ.

ಈ ಅಭ್ಯಾಸ ಕಂಪ್ಯೂಟರಿಗೂ ದಾಟಿತು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿಗೆ ಆಸ್ಕಿ ಎನ್ನುತ್ತಾರೆ. 1963ರಲ್ಲಿ ಬಂದ ಆ ಸಂಕೇತಗಳಲ್ಲಿ ಏಳು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಕೂರುವ ಏಳು ಜಾಗ. ಡಿಲೀಟ್‌ಗೆ ಕೊಟ್ಟ ಸಂಖ್ಯೆ 127. ಅಂದರೆ ಏಳಕ್ಕೆ ಏಳೂ ಒಂದು, ಟೇಪಿನ ಭಾಷೆಯಲ್ಲಿ ಏಳೂ ತೂತು. ಅಚ್ಚಾಗದೆ ಯಂತ್ರಕ್ಕೆ ಆಜ್ಞೆ ಮಾತ್ರ ಕೊಡುವ ಉಳಿದ ನಿಯಂತ್ರಣ ಸಂಕೇತಗಳೆಲ್ಲ ಪಟ್ಟಿಯ ಆರಂಭದಲ್ಲಿ ಗುಂಪಾಗಿವೆ. ಇದೊಂದು ಮಾತ್ರ ಕೊನೆಯಲ್ಲಿ ಒಂಟಿಯಾಗಿ ಕೂತಿದೆ. ಕಾರಣ ಆ ತೂತುಗಳೇ. ಇಮೇಲ್ ಬಳಸುವವರಿಗೆ ಇನ್ನೊಂದು ವಿಷಯ. ಐಮ್ಯಾಪ್ ಎಂಬ ವ್ಯವಸ್ಥೆಯಲ್ಲಿ ಡಿಲೀಟ್ ಅಂದರೆ ಆ ಪತ್ರಕ್ಕೆ ಒಂದು ಗುರುತು ಅಂಟಿಸುವುದು ಅಷ್ಟೇ. ಪತ್ರ ಅಲ್ಲೇ ಇರುತ್ತದೆ. ನಿಜವಾಗಿ ತೆಗೆಯುವ ಆಜ್ಞೆಯ ಹೆಸರು ಎಕ್ಸ್‌ಪಂಜ್. ಗುರುತು ಹಾಕುವ ಪದ ಅಲ್ಲಿ ಕಾಣೆ ಮಾಡುವ ಪದವಾಗಿದೆ. ನನ್ನ ಮನಸ್ಸು ಇನ್ನೂ ಇದಕ್ಕೆ ಒಪ್ಪಿಲ್ಲ.

ಕನ್ನಡದಲ್ಲಿ ಇದಕ್ಕೆ ಏನೆನ್ನುವುದು? ಅಳಿಸು ಅನ್ನಬಹುದು. ಆದರೆ ಅಳಿ ಅಂದರೆ ನಾಶವಾಗು. ಅಳಿವು ಉಳಿವು ಅನ್ನುತ್ತೇವಲ್ಲ, ಆ ಅಳಿ. ಅಳಿಸಿದ ಮೇಲೆ ಏನೂ ಇರಬಾರದು. ಒರೆಸು ಪದದಲ್ಲಿ ಉಜ್ಜುವುದು ಇದೆ. ಒರೆಗಲ್ಲಿನ ಒರೆಯೂ ಉಜ್ಜುವುದೇ. ಆದರೆ ಅಲ್ಲಿ ಉಜ್ಜಿದರೆ ಗೆರೆ ಮೂಡುತ್ತದೆ, ಚಿನ್ನ ಎಂಥದ್ದು ಅಂತ ಆ ಗೆರೆ ಹೇಳುತ್ತದೆ. ತೊಡೆ ಎಂಬ ಪದ ಇನ್ನೂ ಚೆಂದ. ಅದಕ್ಕೆ ಬಳಿ ಅಂತಲೂ ಅರ್ಥ, ಒರೆಸಿ ಹಾಕು ಅಂತಲೂ ಅರ್ಥ. ರದ್ದು, ವಜಾ ಇವೆಲ್ಲ ಆಡಳಿತದ ದಾರಿಯಲ್ಲಿ ಬಂದ ಪದಗಳು. ಆದೇಶದ ಬಲವನ್ನು ತೆಗೆಯುತ್ತವೆ, ಅಕ್ಷರವನ್ನು ಮುಟ್ಟುವುದಿಲ್ಲ.

ನಮ್ಮ ಶಾಸನಸಭೆಯಲ್ಲಿ ಮತ್ತು ಪತ್ರಿಕೆಗಳಲ್ಲಿ ನೆಲೆ ನಿಂತಿರುವ ಮಾತು ‘ಕಡತದಿಂದ ತೆಗೆಯುವುದು’. ಕಡತ ಅಂದರೆ ಈಗ ಫೈಲು. ಹಳೆಯ ಕಡತ ಬೇರೆಯೇ. ಉದ್ದನೆಯ ಹತ್ತಿಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಿಸುತ್ತಿದ್ದರು. ಕಪ್ಪು ಮೈಮೇಲೆ ಬಿಳಿ ಬಳಪದಿಂದ ಬರೆಯುವುದು. ವರ್ತಕರ ಲೆಕ್ಕ, ಮಠಗಳ ದಾಖಲೆ ಇದರಲ್ಲಿ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸ ಓದುವವರಿಗೆ ಗೊತ್ತಿವೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಈ ಕಡತಗಳ ಬಗ್ಗೆ ಬರೆದಿದ್ದಾನೆ. ಬಳಪದ ಬರಹವನ್ನು ಸ್ಲೇಟಿನ ಹಾಗೆ ಒರೆಸಿ ಮತ್ತೆ ಬರೆಯಬಹುದಿತ್ತು. ನಾವು ದಾಖಲೆಗೆ ಇಟ್ಟುಕೊಂಡಿರುವ ಹೆಸರು, ಒರೆಸಲು ಬರುವ ವಸ್ತುವಿನ ಹೆಸರು! ಆದರೂ ಅವುಗಳಲ್ಲಿ ಎಷ್ಟೋ ಕಡತಗಳು ಇಂದಿಗೂ ಉಳಿದಿವೆ. ಇಟ್ಟುಕೊಂಡವರು ಒರೆಸಲಿಲ್ಲ, ಅದಕ್ಕೆ.

ಲೋಕಸಭೆಯಲ್ಲಿ ಈ ಕೆಲಸಕ್ಕೆ 380 ಮತ್ತು 381ನೇ ನಿಯಮಗಳಿವೆ. ಮಾನಹಾನಿಯ, ಅಸಭ್ಯವಾದ, ಸಂಸತ್ತಿಗೆ ತಕ್ಕದ್ದಲ್ಲದ ಮಾತನ್ನು ತೆಗೆಯಲು ಸ್ಪೀಕರ್ ಹೇಳಬಹುದು. ತೆಗೆದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಬೇಕು. ಪುಟದ ಕೆಳಗೆ, ಪೀಠದ ಆದೇಶದಂತೆ ತೆಗೆಯಲಾಗಿದೆ ಎಂದು ಅಡಿಟಿಪ್ಪಣಿ ಬರೆಯಬೇಕು. ರೋಮಿನ ಚುಕ್ಕಿಗೆ ಕೈಕಾಲು ಮೂಡಿ ನಕ್ಷತ್ರವಾಗಿದೆ ಅಂತ ನನಗೆ ಅನಿಸುತ್ತದೆ. ಇಲ್ಲಿ ಮಾತು ಕಾಣುವುದಿಲ್ಲ. ಆದರೆ ಮಾತು ಇತ್ತು ಎಂಬುದು ಕಾಣುತ್ತದೆ. ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1957ರಲ್ಲಿ ಬಿಹಾರ ವಿಧಾನಸಭೆಯ ಒಂದು ಭಾಷಣದಿಂದ ತೆಗೆದ ಭಾಗವನ್ನು ಪಟ್ನಾದ ಸರ್ಚ್‌ಲೈಟ್ ಪತ್ರಿಕೆ ಅಚ್ಚು ಹಾಕಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಸ್ಪೀಕರ್ ತೆಗೆಸಿದ ಮಾತು ಕಾನೂನಿನ ದೃಷ್ಟಿಯಲ್ಲಿ ಆಡದೇ ಇದ್ದ ಮಾತಿನ ಹಾಗೆ, ಅದನ್ನು ಅಚ್ಚು ಹಾಕುವುದು ಸದನದ ಹಕ್ಕಿಗೆ ಚ್ಯುತಿ ಎಂಬ ನಿಲುವನ್ನು ಕೋರ್ಟು 1958ರಲ್ಲಿ ತಳೆಯಿತು.

ಅಮೆರಿಕದ ಸೆನೆಟ್ಟಿನಲ್ಲಿ ಈ ಒಂದೇ ಪದದ ಮೇಲೆ ವರ್ಷಗಟ್ಟಲೆ ಜಗಳ ನಡೆದಿತ್ತು. ಬ್ಯಾಂಕಿನಿಂದ ಸರ್ಕಾರದ ಹಣ ತೆಗೆಸಿದ್ದಕ್ಕೆ ಅಧ್ಯಕ್ಷ ಆ್ಯಂಡ್ರ್ಯೂ ಜಾಕ್ಸನ್ ವಿರುದ್ಧ 1834ರ ಮಾರ್ಚ್ 28ರಂದು ಸೆನೆಟ್ ಖಂಡನಾ ನಿರ್ಣಯ ಮಾಡಿತು. ಜಾಕ್ಸನ್ ಕಡೆಯವರು, ಮುಖ್ಯವಾಗಿ ಥಾಮಸ್ ಹಾರ್ಟ್ ಬೆಂಟನ್, ಅದನ್ನು ಎಕ್ಸ್‌ಪಂಜ್ ಮಾಡಲೇಬೇಕು ಅಂತ ಪಟ್ಟು ಹಿಡಿದರು. ಸದನದ ನಡಾವಳಿಯನ್ನು ಬರೆದಿಡಬೇಕು ಅಂತ ಸಂವಿಧಾನವೇ ಹೇಳುತ್ತದೆ, ಬರೆದದ್ದನ್ನು ಅಳಿಸುವುದು ಹೇಗೆ ಎಂದು ಎದುರಾಳಿಗಳು ಕೇಳಿದರು. 1837ರ ಜನವರಿ 16ರಂದು ಬೆಂಟನ್ ಕಡೆಯವರು ಗೆದ್ದರು. ಹಳೆಯ ಪುಸ್ತಕ ತರಿಸಿ, ಆ ನಿರ್ಣಯದ ಸುತ್ತ ದಪ್ಪ ಕಪ್ಪು ಗೆರೆಗಳ ಚೌಕ ಎಳೆದು, ಸೆನೆಟ್ಟಿನ ಆದೇಶದಂತೆ ಎಕ್ಸ್‌ಪಂಜ್ ಮಾಡಲಾಗಿದೆ ಎಂದು ತಾರೀಖಿನ ಸಮೇತ ಅಡ್ಡಲಾಗಿ ಬರೆದರು. ನಿರ್ಣಯದ ಅಕ್ಷರಗಳು ಇಂದಿಗೂ ಓದಲು ಬರುತ್ತವೆ. ಆ ಪುಟದ ಚಿತ್ರ ನೋಡಿದಾಗ ನನ್ನ ರಿಜಿಸ್ಟರಿನ ದೊಡ್ಡಪ್ಪನನ್ನು ಕಂಡ ಹಾಗಾಯಿತು.

ನಮ್ಮ ಕೋರ್ಟುಗಳಲ್ಲಿ ಇನ್ನೊಂದು ಬಗೆ ನಡೆದಿದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ನಾರಾಯಣ್ ಮುಲ್ಲಾ ಒಂದು ತೀರ್ಪಿನಲ್ಲಿ ಪೊಲೀಸರ ಬಗ್ಗೆ ಬಹಳ ಕಟುವಾದ ಮಾತು ಬರೆದರು. ಭಾರತದ ಪೊಲೀಸ್ ಪಡೆಯಷ್ಟು ಅಪರಾಧದ ದಾಖಲೆ ಇರುವ ಇನ್ನೊಂದು ಗುಂಪು ದೇಶದಲ್ಲಿ ಇಲ್ಲ ಎಂಬುದು ಅದರ ತಾತ್ಪರ್ಯ. ಉತ್ತರ ಪ್ರದೇಶ ಸರ್ಕಾರ ಆ ಮಾತನ್ನು ತೆಗೆಸಲು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1963ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಯಾರ ಬಗ್ಗೆ ಬರೆಯುತ್ತಾರೋ ಅವರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಸಿಕ್ಕಿತ್ತೇ, ಟೀಕೆಗೆ ಸಾಕ್ಷ್ಯ ಇದೆಯೇ, ತೀರ್ಪಿಗೆ ಆ ಟೀಕೆ ಬೇಕೇಬೇಕಿತ್ತೇ ಎಂದು ನೋಡಬೇಕು ಅಂತ ಹೇಳಿತು. ಮೊದಲ ಪ್ರಶ್ನೆ ಓದಿದಾಗ ನನಗೆ ಗಂಟಲು ಕಟ್ಟಿತು. ನನ್ನನ್ನೂ ಯಾರೂ ಕೇಳಿರಲಿಲ್ಲವಲ್ಲ. ಇರಲಿ. ಯಾವ ಮಾತು ತೆಗೆಯಬೇಕು ಅಂತ ತಿಳಿಸಲು ಸುಪ್ರೀಂ ಕೋರ್ಟು ಆ ಮಾತನ್ನು ತನ್ನ ತೀರ್ಪಿನಲ್ಲಿ ಬರೆಯಲೇಬೇಕಾಯಿತು. ಹೈಕೋರ್ಟಿನ ಪುಟದಿಂದ ಹೋದದ್ದು ಇನ್ನೂ ದೊಡ್ಡ ಪುಟದಲ್ಲಿ ಉಳಿಯಿತು. ಜನ ಈಗಲೂ ಅದನ್ನು ಎತ್ತಿ ಹೇಳುತ್ತಾರೆ.

ಎಲ್ಲ ದಾಖಲೆಗೂ ಚುಕ್ಕಿಯೇ ಸಾಕು ಅಂತ ನಾನು ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಇದೆ. ತಪ್ಪು ಮಾಡಿದ ಮಗುವಿನ ಶಿಕ್ಷೆಯ ದಾಖಲೆಯನ್ನು, ಮೇಲ್ಮನವಿಯ ಅವಧಿ ಕಳೆದ ಮೇಲೆ, ನಾಶ ಮಾಡಬೇಕು ಎನ್ನುತ್ತದೆ. ಹದಿನಾರು ದಾಟಿದವರು ಘೋರ ಅಪರಾಧ ಮಾಡಿದ್ದರೆ ಮಾತ್ರ ಬೇರೆ ನಿಯಮ. ಅಲ್ಲಿ ಕೆಂಪು ಗೆರೆ ಎಳೆದು ಕೆಳಗಿನದು ಓದಲು ಬಿಟ್ಟರೆ ಆ ಮಗು ದೊಡ್ಡದಾದ ಮೇಲೂ ಅದನ್ನು ಹೊತ್ತು ತಿರುಗಬೇಕಾಗುತ್ತದೆ. ಅಲ್ಲಿ ಅಳಿಸು ಎಂಬ ಪದವೇ ಬೇಕು, ಅದರ ಪೂರ್ತಿ ಅರ್ಥದಲ್ಲಿ.

ನನ್ನ ವಿಷಯ ಬೇರೆ ಇತ್ತು. ತುಂಬಾ ದಿನ ಬೇಕಾಯಿತು ನನಗೆ ಇದು ಹೊಳೆಯಲು. ಆ ಕರಡಿನಲ್ಲಿ ಯಾರೋ 340 ಅನ್ನು ಬ್ಲೇಡಿನಿಂದ ಕೆರೆದು ಅದೇ ಜಾಗದಲ್ಲಿ 430 ಟೈಪ್ ಮಾಡಿದ್ದರೆ ನನ್ನ ಬಳಿ ಏನಿರುತ್ತಿತ್ತು? ಗೆರೆಯ ಕೆಳಗೆ 340 ಓದಲು ಬಂದಿದ್ದರಿಂದಲೇ ನಾನು ಉಳಿದೆ. ಹಾಗಿರುವಾಗ ನನ್ನ ಪುಟದ ಗೆರೆಯ ಕೆಳಗೂ ಓದಲು ಬರಲಿ ಅನಿಸಿತು. ಎಚ್ಚರಿಕೆ ಕೊಟ್ಟಿದ್ದು ನಡೆದದ್ದು. ಅದು ತಪ್ಪಾಗಿತ್ತು ಅಂತ ಒಪ್ಪಿದ್ದೂ ನಡೆದದ್ದು. ಹಾಳೆಯನ್ನೇ ಹರಿದಿದ್ದರೆ ಪುಟಸಂಖ್ಯೆ ನಡುವೆ ತಪ್ಪುತ್ತಿತ್ತು, ನೋಡಿದವರು ಇನ್ನೇನೇನೋ ಊಹಿಸುತ್ತಿದ್ದರು.

ನಿವೃತ್ತಿಯ ವಾರ ರಿಜಿಸ್ಟರಿನ ಪ್ರತಿ ಕೇಳಿದ್ದೆ. ಜೆರಾಕ್ಸ್ ಮಾಡುತ್ತಿದ್ದ ಹುಡುಗ ಆ ಪುಟ ಬಂದಾಗ ಕೈ ನಿಲ್ಲಿಸಿದ. ‘ಮೇಡಂ, ಇದರ ಮೇಲೆ ಒಂದು ಬಿಳಿ ಚೀಟಿ ಇಟ್ಟು ತೆಗೀಲಾ? ಕಾಣಲ್ಲ’ ಅಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ.

‘ಬೇಡಪ್ಪ, ಇರಲಿ’ ಅಂದೆ.